ಟ್ರ್ಯಾಕ್ಟರಿನ ಲಿಫ್ಟು ಏಳದಿದ್ದಾಗ

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಬೇಸಾಯಗಾರನಿಗೆ ದೊರೆಯುವ ಕಾಲ ಬಹಳ ಅಲ್ಪ. ಕೆಂಪು ಮಸಾರಿ ಭೂಮಿಯಲ್ಲಿ ನಾಲ್ಕಾರು ದಿನ ಬಿಸಿಲು ಬಿದ್ದರೆ ಹದ ಹಾರಿಹೋಗುತ್ತದೆ. ಎರೆಭೂಮಿಯಲ್ಲಾದರೆ ಒಂದು ದಿನ ಮುಂಚೆ ಇಳಿದರೆ ಕೆಸರು, ಎರಡು ದಿನ ತಡವಾದರೆ ಹೆಂಟೆ. ಇಂಥ ಹೊತ್ತಿನಲ್ಲೇ ಟ್ರ್ಯಾಕ್ಟರಿನ ಹಿಂಬದಿಯ ಲಿಫ್ಟು ಮುಷ್ಕರ ಹೂಡುವುದುಂಟು. ಎಂಜಿನ್ನು ಸರಿಯಾಗಿ ಓಡುತ್ತಿರುತ್ತದೆ, ಗೇರು ಬೀಳುತ್ತದೆ, ಚಕ್ರ ತಿರುಗುತ್ತದೆ. ಆದರೆ ನೆಲದಲ್ಲಿ ಕಚ್ಚಿದ ನೇಗಿಲು ಮೇಲೇಳುವುದಿಲ್ಲ. ಇಲ್ಲವೇ ಎತ್ತಿದ ಕಲ್ಟಿವೇಟರು ದಾರಿಯಲ್ಲೇ ಜಾರಿ ಡಾಂಬರನ್ನು ಕೆರೆಯುತ್ತದೆ. ಹದಿನೈದು ಮೈಲಿ ದೂರದ ಪಟ್ಟಣದಿಂದ ಮೆಕ್ಯಾನಿಕ್ಕು ಬರುವುದು ನಾಳೆಯೋ ನಾಡಿದ್ದೋ. ಬಂದವನು ಮೊದಲು ಹೇಳುವ ಮಾತು, "ಪಂಪು ಹೋಗಿದೆ, ಬದಲಾಯಿಸಬೇಕು."

ಪಂಪು ಹೋಗುವುದಿಲ್ಲವೆಂದಲ್ಲ. ಆದರೆ ಲಿಫ್ಟಿನ ದೋಷಗಳಲ್ಲಿ ಅದನ್ನು ಕೊನೆಯಲ್ಲಿ ಸಂಶಯಿಸಬೇಕೇ ಹೊರತು ಮೊದಲಲ್ಲ. ಎಣ್ಣೆ ಕಡಿಮೆಯಾಗಿರುವುದು, ಜಾಲರಿ ಕಟ್ಟಿಕೊಂಡಿರುವುದು, ಯಾವುದೋ ಒಂದು ತಿರುಪು ತಪ್ಪು ಕಡೆಗೆ ತಿರುಗಿರುವುದು, ಈ ಸಣ್ಣ ಕಾರಣಗಳನ್ನು ಹೊಲದ ಬದುವಿನ ಮೇಲೆ ನಿಂತೇ ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಹೊಸ ಪಂಪು ಕೂರಿಸಿದ ಮೇಲೂ ಲಿಫ್ಟು ಏಳದೆ, ಕಡೆಗೆ ಟ್ರೈಲರಿಗೆ ಎಣ್ಣೆ ಹೋಗುವ ತಿರುಪು ತೆರೆದೇ ಇತ್ತೆಂದು ಪತ್ತೆಯಾದ ಪ್ರಸಂಗಗಳು ಅಪರೂಪವಲ್ಲ. ಅಂಥ ಖರ್ಚನ್ನು ಉಳಿಸಿಕೊಳ್ಳಬೇಕಾದರೆ ಲಿಫ್ಟು ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ತಿಳಿದಿರಬೇಕು.

ಎಣ್ಣೆಯ ದಾರಿ

ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಗಾಡಿಯಂತೆ ಎಳೆಯದೆ, ಮೂರು ಕೊಂಡಿಗಳಿಂದ ಅದರ ಅಂಗವೇ ಎಂಬಂತೆ ಜೋಡಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ವಿಧಾನವನ್ನು ರೂಪಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಮೊದಲ ಮಹಾಯುದ್ಧದ ಕಾಲದಲ್ಲಿ ಆಹಾರೋತ್ಪಾದನೆ ಹೆಚ್ಚಿಸಲು ಟ್ರ್ಯಾಕ್ಟರುಗಳನ್ನು ದುಡಿಸುತ್ತಿದ್ದಾಗ, ಹಿಂದೆ ಎಳೆದುಕೊಂಡು ಹೋಗುವ ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೇ ಮಗುಚುವ ಅಪಾಯವಿತ್ತು. ಇದನ್ನು ತಪ್ಪಿಸುವ ಯೋಚನೆಯಿಂದ ಹುಟ್ಟಿದ ವ್ಯವಸ್ಥೆಗೆ ಆತ 1926ರಲ್ಲಿ ಪೇಟೆಂಟು ಪಡೆದ. 1936ರಲ್ಲಿ ಅದನ್ನು ಅಳವಡಿಸಿದ ಟ್ರ್ಯಾಕ್ಟರು ಮಾರುಕಟ್ಟೆಗೆ ಬಂತು. ಇಂದು ನಮ್ಮ ಹಳ್ಳಿಗಳಲ್ಲಿ ಓಡುವ ಟ್ರ್ಯಾಕ್ಟರು ಯಾವ ಕಂಪನಿಯದೇ ಆಗಿರಲಿ, ಅದರ ಮೂರು ಕೊಂಡಿಗಳ ಮೂಲ ಅಲ್ಲಿದೆ.

ಇದರ ಕೆಲಸ ಸರಳ. ಹಿಂಬದಿಯ ಹೌಸಿಂಗಿನಲ್ಲಿ ಎಣ್ಣೆ ತುಂಬಿರುತ್ತದೆ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರುಗಳಿಗೂ ಲಿಫ್ಟಿಗೂ ಒಂದೇ ಎಣ್ಣೆ. ಪಂಪು ಈ ಎಣ್ಣೆಯನ್ನು ಜಾಲರಿಯ ಮೂಲಕ ಹೀರಿ ಒತ್ತಡದಿಂದ ತಳ್ಳುತ್ತದೆ. ನಾವು ಸೀಟಿನ ಪಕ್ಕದ ಲಿವರು ಎತ್ತಿದಾಗ ಕಂಟ್ರೋಲ್ ವಾಲ್ವು ಆ ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ಬಿಡುತ್ತದೆ. ಅಲ್ಲಿ ಪಿಸ್ಟನ್ನು ಮುಂದೊತ್ತಿ ಲಿಫ್ಟ್ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟಿನ ತೋಳುಗಳು ಕೆಳಗಿನ ಕೊಂಡಿಗಳನ್ನು ಎತ್ತುತ್ತವೆ. ಲಿವರು ಇಳಿಸಿದರೆ ಎಣ್ಣೆ ಹಿಂದಿರುಗಿ ಹೋಗುತ್ತದೆ, ಸಲಕರಣೆ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಇಳಿಸಲು ಎಣ್ಣೆಯ ಬಲವಿಲ್ಲವೆಂಬುದನ್ನು ನೆನಪಿಡಬೇಕು. ನೇಗಿಲು ನೆಲಕ್ಕೆ ಇಳಿಯುತ್ತಿಲ್ಲವೆಂದು ಲಿವರನ್ನು ಒತ್ತಿ ಹಿಡಿಯುವುದರಿಂದ ಪ್ರಯೋಜನವಿಲ್ಲ.

ಎಣ್ಣೆಯ ಬಲ ಎಷ್ಟೆಂಬುದಕ್ಕೆ ಒಂದು ಲೆಕ್ಕ. ಸಿಲಿಂಡರಿನ ಒಳವ್ಯಾಸ 8 ಸೆಂ.ಮೀ. ಇದ್ದರೆ ಪಿಸ್ಟನ್ನಿನ ಮುಖ ಸುಮಾರು 50 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 150 ಕಿ.ಗ್ರಾಂ. ಒತ್ತಡವಿದ್ದರೆ ಅದರ ಮೇಲೆ ಬೀಳುವ ಬಲ 7,500 ಕಿ.ಗ್ರಾಂ. ಪಿಸ್ಟನ್ನು ಗಿಡ್ಡ ತೋಳನ್ನು ಒತ್ತುವುದರಿಂದ ಕೊಂಡಿಯ ತುದಿಗೆ ಬರುವ ಹೊತ್ತಿಗೆ ಈ ಬಲ ಬಹಳ ಕಡಿಮೆಯಾಗುತ್ತದೆ. 35ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ 1,100ರಿಂದ 1,800 ಕಿ.ಗ್ರಾಂ.ವರೆಗೆ ಎತ್ತುತ್ತವೆಂದು ಕಂಪನಿಯವರು ಹೇಳುವುದು ಕೊಂಡಿಯ ತುದಿಯ ಲೆಕ್ಕ. ಸಲಕರಣೆಯ ಭಾರ ಹಿಂದಕ್ಕೆ ಸರಿದಷ್ಟೂ ಈ ಸಾಮರ್ಥ್ಯ ಇಳಿಯುತ್ತದೆ. ಆದುದರಿಂದಲೇ ಪರೀಕ್ಷಾ ಕೇಂದ್ರಗಳಲ್ಲಿ ಕೊಂಡಿಯಿಂದ 610 ಮಿ.ಮೀ. ಹಿಂದೆ ಭಾರವಿಟ್ಟು ಇನ್ನೊಮ್ಮೆ ಅಳೆಯುತ್ತಾರೆ. ಟ್ರ್ಯಾಕ್ಟರು ಕೊಳ್ಳುವಾಗ ಎರಡನೆಯ ಅಂಕಿಯನ್ನೂ ಕೇಳುವುದು ಒಳ್ಳೆಯದು. ಉದ್ದನೆಯ ಬಿತ್ತನೆ ಕೂರಿಗೆ, ಬೀಜ ಗೊಬ್ಬರ ತುಂಬಿದ ಮೇಲೆ, ಸಣ್ಣ ಟ್ರ್ಯಾಕ್ಟರಿನ ಲಿಫ್ಟಿಗೆ ಭಾರವಾಗುವುದು ಇದೇ ಕಾರಣದಿಂದ.

ಕೈ ಹಾಕುವ ಮುನ್ನ

ಎತ್ತಿ ನಿಲ್ಲಿಸಿದ ಸಲಕರಣೆಯ ಕೆಳಗೆ ಯಾರೂ ಹೋಗಕೂಡದು. ಎಣ್ಣೆಯೊಂದೇ ಅದನ್ನು ಹಿಡಿದಿರುತ್ತದೆ. ಒಂದು ಸೀಲು ಹರಿದರೆ, ಅಥವಾ ಹತ್ತಿರ ಆಡುತ್ತಿದ್ದ ಹುಡುಗ ಲಿವರು ಮುಟ್ಟಿದರೆ, ಮುನ್ನೂರು ನಾನೂರು ಕಿಲೋ ಭಾರ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿರುತ್ತದೆ. ಕುಳ ಬದಲಾಯಿಸುವುದಾದರೂ ಸರಿ, ರೋಟವೇಟರಿನ ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸುವುದಾದರೂ ಸರಿ, ಎಂಜಿನ್ನು ನಿಲ್ಲಿಸಿ, ಸಲಕರಣೆಗೆ ಗಟ್ಟಿ ಮರದ ದಿಮ್ಮಿಗಳ ಆಸರೆ ಕೊಟ್ಟ ಮೇಲೆಯೇ ಕೈ ಹಾಕತಕ್ಕದ್ದು. ಜಾಕು ಸಾಲದು, ಇಟ್ಟಿಗೆ ಬೇಡವೇ ಬೇಡ.

ಇನ್ನೊಂದು ಅಪಾಯ ಹೆಚ್ಚಿನವರಿಗೆ ತಿಳಿಯದು. ಒತ್ತಡದ ಪೈಪಿನಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೆ ಅಲ್ಲಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಷ್ಟು ತೆಳುವಾಗಿರುತ್ತದೆ. ಎಲ್ಲಿ ಸೋರುತ್ತಿದೆಯೆಂದು ಬೆರಳಿನಿಂದ ಸವರಿ ನೋಡಿದರೆ ಅದು ಚರ್ಮವನ್ನು ತೂರಿ ಒಳಹೊಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಒಳಗೆ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಹೀಗಾದರೆ ಅರಿಶಿನ ಮೆತ್ತಿ ಮನೆಯಲ್ಲಿ ಕೂರದೆ ಅಂದೇ, ಆ ಗಳಿಗೆಯಲ್ಲೇ, ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡನ್ನು ಪೈಪಿನ ಹತ್ತಿರ ಹಿಡಿದರೆ ಸಾಕು, ಅದರ ಮೇಲೆ ಎಣ್ಣೆಯ ಕಲೆ ಬೀಳುತ್ತದೆ.

ಲಿಫ್ಟು ಏಳುವುದೇ ಇಲ್ಲ

ಮೊದಲು ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೈಪಿಡಿಯಲ್ಲಿ ಹೇಳಿದಂತೆ ಅಳತೆ ಕಡ್ಡಿಯಿಂದ ಎಣ್ಣೆಯ ಮಟ್ಟ ನೋಡಿರಿ. ಮಟ್ಟ ಇಳಿದಿದ್ದರೆ ಬೇರೆ ವಿಚಾರಣೆ ಆಮೇಲೆ. ಟ್ರೈಲರಿನ ತೊಟ್ಟಿಯನ್ನು ಎತ್ತಲು ಇದೇ ಎಣ್ಣೆಯನ್ನು ಬಳಸುವವರು ವಿಶೇಷವಾಗಿ ಗಮನಿಸಬೇಕು. ತೊಟ್ಟಿ ಎತ್ತಿರುವಾಗ ಹೌಸಿಂಗಿನ ಎಣ್ಣೆ ಟ್ರೈಲರಿನ ಸಿಲಿಂಡರಿಗೆ ಹೋಗಿರುತ್ತದೆ, ಪ್ರತಿಸಲ ಪೈಪು ಬಿಚ್ಚುವಾಗಲೂ ಒಂದಿಷ್ಟು ನೆಲದ ಪಾಲಾಗುತ್ತದೆ. ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಮಟ್ಟ ಗಣನೀಯವಾಗಿ ಇಳಿದಿದ್ದರೆ ಆಶ್ಚರ್ಯವಿಲ್ಲ.

ಎಣ್ಣೆ ಸರಿಯಿದ್ದರೆ ತಿರುಪುಗಳ ಕಡೆ ನೋಡಿರಿ. ಟ್ರೈಲರಿಗೆ ಎಣ್ಣೆ ಕಳಿಸುವ ತಿರುಪು ಅಥವಾ ಲಿವರು ಲಿಫ್ಟಿನ ಕಡೆಗೆ ಇದೆಯೇ? ಕೆಲವು ಟ್ರ್ಯಾಕ್ಟರುಗಳಲ್ಲಿ ಲಿಫ್ಟಿನ ಪಂಪು ಪಿ.ಟಿ.ಓ. ಶಾಫ್ಟಿನಿಂದಲೇ ನಡೆಯುತ್ತದೆ. ಅಂಥವುಗಳಲ್ಲಿ ಪಿ.ಟಿ.ಓ. ಲಿವರು ಹಾಕದಿದ್ದರೆ, ಇಲ್ಲವೇ ಕ್ಲಚ್ಚನ್ನು ಪೂರ್ತಿ ಒತ್ತಿದರೆ, ಲಿಫ್ಟು ಏಳುವುದಿಲ್ಲ. ಇದು ದೋಷವಲ್ಲ, ರಚನೆಯೇ ಹಾಗೆ. ಹೊಸ ಡ್ರೈವರು ಬಂದ ವಾರ ಈ ದೂರು ಹೆಚ್ಚು.

ಇಷ್ಟೆಲ್ಲ ಸರಿಯಿದ್ದೂ ಏಳದಿದ್ದರೆ ಕಿವಿಗೆ ಕೆಲಸ ಕೊಡಬೇಕು. ಎಂಜಿನ್ನನ್ನು ನಿಧಾನವಾಗಿ ಓಡಿಸುತ್ತ ಲಿವರನ್ನು ಮೇಲಕ್ಕೆ ತನ್ನಿರಿ. ಎಂಜಿನ್ನಿನ ಸದ್ದು ಭಾರವಾಗಿ, ಹೌಸಿಂಗಿನೊಳಗೆ 'ಸುಯ್' ಎಂಬ ಸದ್ದು ಕೇಳಿಸಿದರೆ ಪಂಪು ಎಣ್ಣೆಯನ್ನು ತಳ್ಳುತ್ತಿದೆಯೆಂದೇ ಅರ್ಥ. ಆ ಎಣ್ಣೆ ದಾರಿ ಕಾಣದೆ ರಿಲೀಫ್ ವಾಲ್ವಿನಿಂದ ಹೊರಬೀಳುತ್ತಿದೆ. ಆಗ ಭಾರ ಹೆಚ್ಚಾಗಿದೆಯೇ, ಕೊಂಡಿ ಎಲ್ಲಾದರೂ ಸಿಕ್ಕಿಕೊಂಡಿದೆಯೇ, ಪಕ್ಕದ ಸರಪಳಿ ಬಿಗಿಯಾಗಿದೆಯೇ, ನೇಗಿಲು ಬೇರಿಗೋ ಕಲ್ಲಿಗೋ ಸಿಕ್ಕಿದೆಯೇ ಎಂದು ನೋಡಬೇಕು. ಸಲಕರಣೆ ಬಿಚ್ಚಿ ಬರಿಯ ಕೊಂಡಿಗಳನ್ನು ಎತ್ತಿ ನೋಡಿರಿ. ಬರಿಗೊಂಡಿ ಚೆನ್ನಾಗಿ ಎದ್ದು, ಹಿಂದೆ ಎತ್ತುತ್ತಿದ್ದ ಸಲಕರಣೆಯನ್ನೇ ಈಗ ಎತ್ತಲಾರದಿದ್ದರೆ ರಿಲೀಫ್ ವಾಲ್ವಿನ ಸ್ಪ್ರಿಂಗು ಸಡಿಲಾಗಿರಬಹುದು, ಪಂಪು ಸವೆದಿರಬಹುದು. ಎರಡನ್ನೂ ಬೇರ್ಪಡಿಸಿ ಹೇಳಲು ಒತ್ತಡ ಅಳೆಯುವ ಗೇಜು ಬೇಕು. ಗೇಜು ಹಾಕದೆ ಪಂಪು ಬದಲಾಯಿಸಲು ಒಪ್ಪಬೇಡಿರಿ. ರಿಲೀಫ್ ವಾಲ್ವನ್ನು ತಾವೇ ಬಿಗಿ ಮಾಡುವ ಸಾಹಸವೂ ಬೇಡ. ಅದು ಲಿಫ್ಟನ್ನು ಕಾಯುವ ಕಾವಲುಗಾರ, ಅದನ್ನು ಕಟ್ಟಿಹಾಕಿದರೆ ಒಡೆಯುವುದು ಹೌಸಿಂಗು.

ಲಿವರು ಎತ್ತಿದರೂ ಎಂಜಿನ್ನಿನ ಸದ್ದು ಬದಲಾಗದೆ ಇದ್ದರೆ ದೋಷ ಇನ್ನೊಂದು ಕಡೆ. ಪಂಪಿಗೆ ಎಣ್ಣೆ ಬರುತ್ತಿಲ್ಲ, ಅಥವಾ ಪಂಪು ತಿರುಗುತ್ತಿಲ್ಲ, ಅಥವಾ ಕಂಟ್ರೋಲ್ ವಾಲ್ವು ಅಂಟಿಕೊಂಡಿದೆ. ಇವುಗಳಲ್ಲಿ ಮೊದಲನೆಯದೇ ಹೆಚ್ಚು. ಜಾಲರಿಯನ್ನು ಬಿಚ್ಚಿ ನೋಡಿರಿ. ಅದರ ಮೇಲೆ ಕಪ್ಪು ಜಿಡ್ಡು, ಹತ್ತಿಬಟ್ಟೆಯ ಎಳೆ, ಗ್ಯಾಸ್ಕೆಟ್ಟಿನ ಚೂರು ಕಟ್ಟಿಕೊಂಡಿರುವುದು ಸಾಮಾನ್ಯ. ಡೀಸೆಲ್ಲಿನಲ್ಲಿ ತೊಳೆದು ಆರಿಸಿ ಹಾಕಬಹುದು. ಕಾಗದದ ಫಿಲ್ಟರಾದರೆ ತೊಳೆಯಬಾರದು, ಹೊಸದನ್ನೇ ಹಾಕಬೇಕು. ಹೌಸಿಂಗನ್ನು ಒರೆಸಲು ನೂಲು ಬಿಡುವ ಬಟ್ಟೆ ಬಳಸಬಾರದೆನ್ನುವುದು ಇದಕ್ಕಾಗಿಯೇ. ಎಣ್ಣೆ ಬಿಡುವ ಬಿರಡೆಗೆ ಅಯಸ್ಕಾಂತವಿದ್ದರೆ ಅದನ್ನೂ ನೋಡಿರಿ. ಬೂದಿಬಣ್ಣದ ನುಣ್ಣನೆಯ ಹಿಟ್ಟು ಸಹಜ ಸವೆತ. ಉಗುರಿಗೆ ತಾಗುವಂಥ ಲೋಹದ ಚೂರುಗಳು ಕಂಡರೆ ಟ್ರ್ಯಾಕ್ಟರನ್ನು ಅಲ್ಲೇ ನಿಲ್ಲಿಸಿ ತಿಳಿದವರನ್ನು ಕರೆಸಬೇಕು.

ನಿಧಾನವಾಗಿ ಏಳುವುದು, ಒರಲುವುದು

ಲಿಫ್ಟು ತಡೆತಡೆದು ಏಳುತ್ತ ಪಂಪಿನಿಂದ ಒರಲುವ ಸದ್ದು ಬರುತ್ತಿದ್ದರೆ ಎಣ್ಣೆಯ ಜೊತೆ ಗಾಳಿಯನ್ನು ಹೀರುತ್ತಿದೆಯೆಂದು ತಿಳಿಯಬೇಕು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಹಾಗೆ ಕುಗ್ಗುವುದಿಲ್ಲ. ಅದಕ್ಕೇ ಈ ಕುಲುಕಾಟ. ಎಂಜಿನ್ನು ನಿಲ್ಲಿಸಿದ ಕೂಡಲೇ ಅಳತೆ ಕಡ್ಡಿ ತೆಗೆದು ನೋಡಿದರೆ ನೊರೆ ಕಾಣುತ್ತದೆ. ಎಣ್ಣೆ ಕಡಿಮೆಯಿದ್ದರೆ ಇಳಿಜಾರಿನಲ್ಲಿ ಪಂಪಿನ ಬಾಯಿ ಹೊರಬಿದ್ದು ಗಾಳಿ ಎಳೆಯುತ್ತದೆ. ಎಣ್ಣೆ ಸಾಕಷ್ಟಿದ್ದೂ ನೊರೆ ಬಂದರೆ ಹೀರುವ ಪೈಪಿನ ಓ-ರಿಂಗು ಅಥವಾ ಜೋಡಣೆ ಸಡಿಲವಾಗಿರುತ್ತದೆ. ಇಂಥ ಜಾಗದಲ್ಲಿ ಎಣ್ಣೆ ಹೊರಕ್ಕೆ ಸೋರದೆ ಗಾಳಿ ಮಾತ್ರ ಒಳಹೋಗುವುದರಿಂದ ಕಣ್ಣಿಗೆ ಏನೂ ಕಾಣದು.

ಎತ್ತಿದ್ದು ನಿಲ್ಲದು, ಅಥವಾ ಕುಣಿಯುತ್ತದೆ

ಸಲಕರಣೆ ಎತ್ತಿ ಎಂಜಿನ್ನು ಓಡುತ್ತಿರುವಾಗ ಕೆಲವು ಸೆಕೆಂಡಿಗೊಮ್ಮೆ ಕೊಂಡಿಗಳು ಬಿಕ್ಕಳಿಸಿದಂತೆ ಮೇಲೆ ಕೆಳಗೆ ಆಡುವುದನ್ನು ನೀವು ಕಂಡಿರಬಹುದು. ಇದಕ್ಕೆ ಕಾರಣ ಒಳಸೋರಿಕೆ. ಸಿಲಿಂಡರಿನ ಎಣ್ಣೆ ಎಲ್ಲಿಂದಲೋ ಜಾರುತ್ತದೆ, ಸಲಕರಣೆ ಅಂಗುಲದಷ್ಟು ಇಳಿಯುತ್ತದೆ. ಇಳಿದದ್ದನ್ನು ಅರಿತ ವಾಲ್ವು ಮತ್ತೆ ಎಣ್ಣೆ ಬಿಟ್ಟು ಎತ್ತುತ್ತದೆ, ಮತ್ತೆ ಜಾರುತ್ತದೆ. ಕೆಲಸಕ್ಕೇನೂ ಅಡ್ಡಿಯಿಲ್ಲವೆಂದು ಬಹಳ ಜನ ಇದನ್ನು ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ. ಆದರೆ ಪ್ರತಿ ಬಿಕ್ಕಳಿಕೆಗೂ ಪಂಪು ದುಡಿಯುತ್ತದೆ, ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ತೆಳುವಾಗಿ ಇನ್ನಷ್ಟು ಸೋರುತ್ತದೆ. ಕೆಲವೇ ರೂಪಾಯಿಯ ರಿಂಗಿನಿಂದ ಮುಗಿಯುವ ಕೆಲಸ ಪಂಪಿನವರೆಗೆ ಹೋಗುವ ದಾರಿ ಇದು.

ಪರೀಕ್ಷೆ ಸುಲಭ. ಭಾರದ ಸಲಕರಣೆಯೊಂದನ್ನು ಪೂರ್ತಿ ಎತ್ತಿ, ಪಕ್ಕದಲ್ಲಿ ಒಂದು ಕೋಲು ನೆಟ್ಟು ಅದರ ಮೇಲೆ ಎತ್ತರದ ಗುರುತು ಮಾಡಿರಿ. ಲಿವರು ಮೇಲೇ ಇರಲಿ, ಎಂಜಿನ್ನು ನಿಲ್ಲಿಸಿ ಕಾಲು ಗಂಟೆ ಕಾಯಿರಿ. ಹಳೆಯ ಟ್ರ್ಯಾಕ್ಟರುಗಳಲ್ಲಿ ಬೆರಳಗಲ ಇಳಿದರೆ ಗಾಬರಿ ಬೇಡ, ರಾತ್ರಿ ಕಳೆಯುವುದರೊಳಗೆ ನೆಲ ಮುಟ್ಟುವುದೂ ಉಂಟು. ಕೆಲವೇ ನಿಮಿಷಗಳಲ್ಲಿ ನೆಲ ಸೇರಿದರೆ ಸೋರಿಕೆ ಹೆಚ್ಚಿದೆ. ಟ್ರೈಲರಿನ ಪೈಪು ಅಥವಾ ಹೊರಗಿನ ವಾಲ್ವು ಜೋಡಿಸಿದ್ದರೆ ಮೊದಲು ಅದನ್ನು ಬೇರ್ಪಡಿಸಿ ಮತ್ತೊಮ್ಮೆ ನೋಡಬೇಕು. ಎಷ್ಟೋ ಸಲ ಕಳ್ಳ ಸಿಗುವುದು ಅಲ್ಲೇ. ಅಲ್ಲಿಲ್ಲವಾದರೆ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಸೇಫ್ಟಿ ವಾಲ್ವು, ಎಣ್ಣೆ ಹಿಂದಿರುಗದಂತೆ ತಡೆಯುವ ಚೆಕ್ ವಾಲ್ವು, ಈ ಮೂರರಲ್ಲಿ ಒಂದು. ಲಿಫ್ಟಿನ ಮೇಲ್ಮುಚ್ಚಳ ಎತ್ತಿ ಮಾಡುವ ಈ ಕೆಲಸ ಧೂಳಿಲ್ಲದ ಜಾಗದಲ್ಲಿ, ತಿಳಿದವರ ಕೈಯಲ್ಲಿ ಆಗಬೇಕು. ಹೊಸ ರಿಂಗು ಹಾಕಿಸುವಾಗ ಸಿಲಿಂಡರಿನ ಒಳಮೈಯನ್ನು ನೀವೇ ಬೆರಳಾಡಿಸಿ ನೋಡಿರಿ. ಗೀರು ಬಿದ್ದಿದ್ದರೆ ಹೊಸ ರಿಂಗು ಮುಂದಿನ ಹಂಗಾಮಿನವರೆಗೆ ಬಾಳದು.

ಇಳಿಯದಿದ್ದರೆ

ಎತ್ತಿದ ಸಲಕರಣೆ ಕೆಳಗಿಳಿಯದಿದ್ದರೆ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಸೀಟಿನ ಕೆಳಗೆ ಮುಂಭಾಗದಲ್ಲಿರುವ ತಿರುಪು ಗುಬ್ಬಿಯನ್ನು ನೋಡಿರಿ. ಇಳಿಯುವ ವೇಗವನ್ನು ಹೆಚ್ಚು ಕಡಿಮೆ ಮಾಡುವ ಈ ಗುಬ್ಬಿಯನ್ನು ಪೂರ್ತಿ ಬಿಗಿ ಮಾಡಿದರೆ ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ. ರಸ್ತೆಯ ಮೇಲೆ ಹೋಗುವಾಗ ಬಿಗಿ ಮಾಡಿ, ಹೊಲಕ್ಕೆ ಬಂದು ಮರೆಯುವುದು ವಾಡಿಕೆ. ಗುಬ್ಬಿ ಸಡಿಲಿದ್ದೂ ಇಳಿಯದಿದ್ದರೆ ಕಂಟ್ರೋಲ್ ವಾಲ್ವು ಅಂಟಿಕೊಂಡಿರಬಹುದು. ಅದು ಯಾವ ಗಳಿಗೆಯಲ್ಲಾದರೂ ಬಿಟ್ಟೀತು, ಸಲಕರಣೆಯ ಹತ್ತಿರ ನಿಂತು ಒದೆಯುವುದು ಕುಣಿಸುವುದು ಮಾಡಬಾರದು.

ದೋಷ ಲಿಫ್ಟಿನದಲ್ಲದಾಗ

ನೇಗಿಲು ಆಳಕ್ಕೆ ಇಳಿಯುತ್ತಿಲ್ಲ, ಒಂದು ಕಡೆ ಆಳ ಒಂದು ಕಡೆ ತೇಲು ಎಂಬ ದೂರು ಬಂದಾಗ ನಾವು ಹೈಡ್ರಾಲಿಕ್ಕನ್ನು ಮುಟ್ಟುವ ಮುನ್ನ ಕುಳವನ್ನು ನೋಡುತ್ತೇವೆ. ಸವೆದು ಮೊಂಡಾದ ಕುಳ ಒಣ ಎರೆಯಲ್ಲಿ ಜಾರುತ್ತದೆ. ಅನಂತರ ಟಾಪ್ ಲಿಂಕು. ಅದು ಉದ್ದವಾಗಿದ್ದರೆ ನೇಗಿಲಿನ ಮೂತಿ ಮೇಲೆದ್ದು ಕಚ್ಚುವುದಿಲ್ಲ. ಒಂದೆರಡು ಸುತ್ತು ಗಿಡ್ಡ ಮಾಡಿ ನೋಡಿರಿ. ಸಲಕರಣೆ ಒಂದು ಪಕ್ಕಕ್ಕೆ ವಾಲಿದರೆ ಬಲಗಡೆಯ ಲಿಫ್ಟ್ ರಾಡಿನ ಹಿಡಿಕೆ ತಿರುಗಿಸಿ ಮಟ್ಟ ಮಾಡಬೇಕು. ಹಿಂದಿನ ಎರಡು ಟೈರುಗಳ ಗಾಳಿ ಸಮನಾಗಿದೆಯೇ ಎಂಬುದನ್ನೂ ನೋಡಬೇಕು.

ಇಷ್ಟಾದ ಮೇಲೆ ಲಿವರುಗಳ ವಿಚಾರ. ಒಂದು ಲಿವರು ಸಲಕರಣೆಯನ್ನು ಹೇಳಿದ ಎತ್ತರದಲ್ಲಿ ನಿಲ್ಲಿಸುತ್ತದೆ. ಇನ್ನೊಂದು, ಎಳೆತದ ಭಾರವನ್ನು ನೋಡಿಕೊಂಡು ತಾನೇ ಎತ್ತಿ ಇಳಿಸುತ್ತದೆ. ಬಿರುಸು ನೆಲ ಬಂದಾಗ ನೇಗಿಲು ಟಾಪ್ ಲಿಂಕನ್ನು ಮುಂದಕ್ಕೆ ಒತ್ತುತ್ತದೆ, ಅದರ ಬುಡದ ಸ್ಪ್ರಿಂಗು ಕುಗ್ಗಿ ವಾಲ್ವಿಗೆ ಸುದ್ದಿ ಮುಟ್ಟಿಸುತ್ತದೆ, ನೇಗಿಲು ತುಸು ಮೇಲೇಳುತ್ತದೆ. ಫರ್ಗುಸನ್ನನ ಜಾಣತನವೆಲ್ಲ ಇಲ್ಲಿದೆ. ಉಳುಮೆಗೆ ಈ ಎರಡನೆಯದು, ರೋಟವೇಟರಿಗೆ ಮೊದಲನೆಯದು. ಒಂದನ್ನು ಬಳಸುವಾಗ ಇನ್ನೊಂದು ಎಲ್ಲಿರಬೇಕೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೈಪಿಡಿ ನೋಡದೆ ಪಕ್ಕದ ಊರಿನ ಡ್ರೈವರನ್ನು ಕೇಳಿದರೆ ಆತ ತನ್ನ ಟ್ರ್ಯಾಕ್ಟರಿನ ಕ್ರಮ ಹೇಳುತ್ತಾನೆ. ಟಾಪ್ ಲಿಂಕಿನ ಬುಡವನ್ನು ಕೈಯಲ್ಲಿ ಹಿಂದಕ್ಕೆ ಮುಂದಕ್ಕೆ ಅಲುಗಿಸಿ ನೋಡಿರಿ. ಸ್ಪ್ರಿಂಗಿನ ಕಡೆ ಸಡಿಲು ಕಂಡರೆ ಅಥವಾ ಪಿನ್ನಿನ ತೂತು ಹಿಗ್ಗಿದ್ದರೆ ಸುದ್ದಿ ತಡವಾಗಿ ಮುಟ್ಟುತ್ತದೆ, ಆಳ ಏರುಪೇರಾಗುತ್ತದೆ.

ಇದೇ ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಕಟ್ಟಿ ಮರದ ಬೊಡ್ಡೆಯನ್ನೋ ಹೂತ ಗಾಡಿಯನ್ನೋ ಎಳೆಯುವವರಿದ್ದಾರೆ. ಹಿಂದಿನ ಅಚ್ಚಿಗಿಂತ ಮೇಲೆ ಭಾರ ಕಟ್ಟಿದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ, ಹಾರಿಕೊಳ್ಳಲು ವ್ಯವಧಾನವಿರುವುದಿಲ್ಲ. ಎಳೆಯುವುದೇನಿದ್ದರೂ ಡ್ರಾಬಾರಿಗೆ.

ಕೆಸರುಗದ್ದೆಯ ಟ್ರ್ಯಾಕ್ಟರು

ತುಂಗಭದ್ರಾ, ಭದ್ರಾ, ಕಾವೇರಿ ಅಚ್ಚುಕಟ್ಟಿನಲ್ಲಿ ಕೇಜ್ ವ್ಹೀಲು ಹಾಕಿ ಕೆಸರು ಕಲಸುವ ಟ್ರ್ಯಾಕ್ಟರುಗಳಿಗೆ ಮೇಲೆ ಹೇಳಿದ ಯಾವ ದೋಷವಾದರೂ ಬೇಗ ಬರುತ್ತದೆ. ಮೊಳಕಾಲುದ್ದ ಕೆಸರಿನಲ್ಲಿ ದಿನವಿಡೀ ಆಡುವಾಗ ಪಿ.ಟಿ.ಓ. ಶಾಫ್ಟಿನ ಸೀಲು ಮತ್ತು ಹಿಂದಿನ ಅಚ್ಚಿನ ಸೀಲುಗಳು ಸವೆದಿದ್ದರೆ ನೀರು ಹೌಸಿಂಗಿಗೆ ಇಳಿಯುತ್ತದೆ. ನೀರು ಬೆರೆತ ಎಣ್ಣೆ ಹಾಲಿನ ಚಹದ ಬಣ್ಣಕ್ಕೆ ತಿರುಗುತ್ತದೆ, ವಾಲ್ವುಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಎಣ್ಣೆಯ ಮಟ್ಟ ತಾನಾಗಿ ಏರಿದ್ದು ಕಂಡರೆ ಸಂತೋಷಪಡಬೇಡಿರಿ, ಏರಿದ್ದು ನೀರು. ಇಂಥ ಎಣ್ಣೆಯನ್ನು ಪೂರ್ತಿ ಬಿಟ್ಟು, ಸೀಲು ಬದಲಾಯಿಸಿ, ಹೊಸದನ್ನು ಹಾಕದೆ ಗತ್ಯಂತರವಿಲ್ಲ. ಸುಮಾರು 1,000 ಗಂಟೆಗೊಮ್ಮೆ ಎಣ್ಣೆ ಬದಲಾಯಿಸಬೇಕೆಂದು ಹಲವು ಕೈಪಿಡಿಗಳಲ್ಲಿ ಇರುತ್ತದೆ. ಕೆಸರಿನ ಟ್ರ್ಯಾಕ್ಟರಿಗೆ ಗಂಟೆಯ ಲೆಕ್ಕ ಹಿಡಿಯದೆ ನಾಟಿ ಮುಗಿದೊಡನೆ ಪರೀಕ್ಷಿಸುವುದೇ ಸರಿ.

ಎಣ್ಣೆ ಯಾವುದೆಂಬುದರಲ್ಲಿ ಜಿಪುಣತನ ಸಲ್ಲದು. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಇಲ್ಲಿಗೆ ಸುರಿಯುವ ಚಾಳಿ ಇನ್ನೂ ಹೋಗಿಲ್ಲ. ಈಚಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕುಗಳೂ ಇದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ತಪ್ಪು ಎಣ್ಣೆ ಹಾಕಿದರೆ ಲಿಫ್ಟಿನ ಜೊತೆ ಬ್ರೇಕೂ ಕೆಡುತ್ತದೆ.

ಟ್ರ್ಯಾಕ್ಟರು ಉಳ್ಳವರ ಮಕ್ಕಳು ಈ ಕೆಲಸವನ್ನು ಕ್ರಮವಾಗಿ ಕಲಿಯಬಯಸಿದರೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆಯವರಿಗೆ ಅದು ದೂರವಲ್ಲ.

ಮೆಕ್ಯಾನಿಕ್ಕನ್ನು ಕರೆಸಲೇಬೇಕಾದಾಗ ಬರಿದೆ "ಲಿಫ್ಟು ಕೆಟ್ಟಿದೆ" ಎಂದು ಹೇಳಿ ಕಳಿಸಬೇಡಿರಿ. ಎಣ್ಣೆಯ ಮಟ್ಟ ಎಷ್ಟಿತ್ತು, ಲಿವರು ಎತ್ತಿದಾಗ ಎಂಜಿನ್ನಿನ ಸದ್ದು ಬದಲಾಯಿತೇ, ಬರಿಗೊಂಡಿ ಎದ್ದಿತೇ, ಎತ್ತಿದ್ದು ಕಾಲು ಗಂಟೆಯಲ್ಲಿ ಎಷ್ಟು ಇಳಿಯಿತು, ಇವುಗಳನ್ನು ಚೀಟಿಯಲ್ಲಿ ಬರೆದು ಕಳಿಸಿರಿ. ಹೌಸಿಂಗಿನ ಎಣ್ಣೆಯನ್ನು ಒಂದು ಬಿಳಿ ಗಾಜಿನ ಶೀಸೆಯಲ್ಲಿ ಹಿಡಿದು ಅಲುಗಿಸದೆ ಇಟ್ಟಿರಿ. ಆತ ಬರುವ ಹೊತ್ತಿಗೆ ತಳದಲ್ಲಿ ನೀರು ನಿಂತಿದೆಯೇ, ಕಸ ಕೂತಿದೆಯೇ ಎಂಬುದು ಇಬ್ಬರಿಗೂ ಕಾಣುತ್ತದೆ.